ಡಾಕ್ಟರಿಗೆ ನಾನು ಹೇಳಿದ ಹೊಟ್ಟೆನೋವು

ದೊಡ್ಡಮ್ಮ, ವಿನೋಬನಗರದ ಕ್ಲಿನಿಕ್ಕಿನಲ್ಲಿ ನಿಮ್ಮ ಪರವಾಗಿ ಉತ್ತರ ಕೊಟ್ಟು ನಾನು ಸುಳ್ಳು ಹೇಳಿದೆ. ಗೊತ್ತಿದ್ದೇ ಹೇಳಿದೆ.

ತೊಂಬತ್ತರ ದಶಕದ ಕೊನೆ. ನಾನು ಶಿವಮೊಗ್ಗದ ಪತ್ರಿಕೆಯೊಂದರಲ್ಲಿ ವರದಿಗಾರ. ಭದ್ರಾವತಿಯ ಶಾಲೆಯಿಂದ ನಿವೃತ್ತರಾದ ನೀವು, ದೊಡ್ಡಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಿರಿ. ಊಟ ಸೇರುತ್ತಿರಲಿಲ್ಲ, ನಸುಕಿಗೇ ಎಚ್ಚರ, ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದಿರಿ. ವಯಸ್ಸಾಯಿತಲ್ಲ ಎಂದರು ಎಲ್ಲರೂ — ನಾನೂ.

"ಏನಾಗತ್ತಮ್ಮ?" ಎಂದು ಡಾಕ್ಟರು ಕೇಳಿದರು.

"ಬೆಳಗಾದ್ರೆ, ಯಾಕಾದ್ರೂ ಆಯ್ತೋ ಅನ್ಸತ್ತೆ ಡಾಕ್ಟ್ರೇ. ಯಾರಿಗೂ ಬೇಡದೋಳು —"

"ಹೊಟ್ಟೆನೋವು ಸಾರ್," ನಾನು ನಡುವೆ ಬಾಯಿ ಹಾಕಿದೆ. "ಗ್ಯಾಸ್ಟ್ರಿಕ್ಕು. ಬಹಳ ದಿನದಿಂದ."

ಡಾಕ್ಟರು ಮಾತ್ರೆಯ ಚೀಟಿ ಬರೆದರು.

ಆ ಪದ ಬಂದದ್ದು ನನ್ನ ಕೆಲಸದ ಮೇಜಿನಿಂದ. ಠಾಣೆಯಿಂದ ಆತ್ಮಹತ್ಯೆಯ ಸುದ್ದಿ ಬಂದಾಗ ‘ಹೊಟ್ಟೆನೋವು ತಾಳಲಾರದೆ’ ಎಂದು ಬರೆಯುವುದು ವಾಡಿಕೆ. ಮನೆಯವರು ಹಾಗೆ ಹೇಳುತ್ತಿದ್ದರು, ನಾವು ಮರುಪ್ರಶ್ನೆ ಹಾಕುತ್ತಿರಲಿಲ್ಲ. ಅದರ ಹಿಂದೆ ಏನೇನಿರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದವನೇ ಅದನ್ನು ನಿಮಗೂ ಅಂಟಿಸಿದೆ — ಮನೋವೈದ್ಯರ ಬಾಗಿಲಲ್ಲಿ ಪರಿಚಯದವರು ಯಾರಾದರೂ ನಮ್ಮನ್ನು ನೋಡಿಯಾರೆಂಬ ಅಂಜಿಕೆ, ಅಷ್ಟೆ.

ಒಂಬತ್ತು ತಿಂಗಳು ನೀವು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದಿರಿ. ಅಷ್ಟರಲ್ಲಿ ಯಾವ ದಿನ ಬೇಕಾದರೂ ಅಂಥ ಸುದ್ದಿಯಲ್ಲಿ ನಿಮ್ಮ ಹೆಸರೇ ನನ್ನ ಮೇಜಿಗೆ ಬರಬಹುದಿತ್ತು — ಬರಲಿಲ್ಲ. ಬರಲಿಲ್ಲವೆಂಬುದರಲ್ಲಿ ನನ್ನ ಪಾಲು ಏನೂ ಇಲ್ಲ.

ಕೊನೆಗೆ ನೀವೇ ಬಸ್ಸು ಹತ್ತಿ ಭದ್ರಾವತಿಯ ಓಲ್ಡ್ ಟೌನಿಗೆ ಹೋಗಿ, ಜೊತೆಗೆ ಪಾಠ ಮಾಡಿದ್ದ ಪದ್ಮಕ್ಕನ ಹತ್ತಿರ ಎಲ್ಲವನ್ನೂ ಹೇಳಿಕೊಂಡಿರಿ. ಅವರೇ ನಿಮ್ಮನ್ನು ಮನೋವೈದ್ಯರಲ್ಲಿಗೆ ಕರೆದೊಯ್ದರು. ಆಮೇಲೆ ನನಗೆ ಪದ್ಮಕ್ಕನ ಫೋನು.

"ಏನ್ ಮಾರಾಯ, ಊರೋರ ಸುದ್ದಿ ಎಲ್ಲ ಬರೀತೀಯ, ಮನೇದು ಕಾಣ್ಲಿಲ್ವಾ? ಖಿನ್ನತೆ ಅಂತೆ. ವಯಸ್ಸಾದ್ರೆ ಹಿಂಗೇ ಅಂತ ಬಿಡೋದಲ್ವಂತೆ, ವಾಸಿಯಾಗತ್ತಂತೆ."

ಕಂಡಿತ್ತು ಎಂದು ನಾನು ಹೇಳಲಿಲ್ಲ.

ಔಷಧಿ ಹಿಡಿಯಲು ಕೆಲವು ವಾರ ಬೇಕಾದವು. ಒಂದು ಬೆಳಿಗ್ಗೆ, ಉಪ್ಪಿಟ್ಟಿಗೆ ಉಪ್ಪೇ ಇಲ್ಲವೆಂದು ನನ್ನ ಹೆಂಡತಿಯನ್ನು ಗದರಿದಿರಿ. ನಾನು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಅತ್ತುಬಿಟ್ಟೆ. ಅಷ್ಟು ಹಗುರವಾಗಿದ್ದೆ.

ಇಷ್ಟು ವರ್ಷಗಳ ಮೇಲೆ, ಹೋದ ವಾರ, ಇದನ್ನೆಲ್ಲ ನಿಮ್ಮೆದುರು ಕೂತು ಹೇಳಿದೆ. "ನಂಗೊತ್ತಿತ್ತು ಕಣೋ," ಅಂದಿರಿ. "ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ." ಎದೆಯ ಮೇಲಿನ ಭಾರ ಇಳಿಯಿತು. ಆದರೆ ಆ ಒಂಬತ್ತು ತಿಂಗಳು ನಿಮ್ಮವು. ಅವನ್ನು ನಾನು ಹಿಂದಕ್ಕೆ ಕೊಡಲಾರೆ.