ಆರು ವಾರದ ಕಾವಲು

ನಾನು ಕುರ್ಚಿಯಲ್ಲಿ ಕೂತರೆ ಮಲಗಿ ಎನ್ನುವುದಕ್ಕೂ, ಎದ್ದರೆ ಕೂರಿ ಎನ್ನುವುದಕ್ಕೂ ನಮ್ಮ ಮನೆಯಲ್ಲಿ ಜನಕ್ಕೆ ಕೊರತೆಯಿಲ್ಲ. ಅವರ ಪೈಕಿ ನನ್ನ ಹೆಂಡತಿಗೆ ಅಗ್ರಸ್ಥಾನ. ಅರಕಲಗೂಡಿನ ಶಾಲೆಯಲ್ಲಿ ಒಂದೇ ಗದರಿಕೆಗೆ ಇಡೀ ತರಗತಿಯನ್ನು ಕೂರಿಸಿ ಏಳಿಸಬಲ್ಲ ನಾನು, ಹೃದಯವೆಂಬ ಮುಷ್ಟಿಗಾತ್ರದ ಅಂಗವೊಂದು ಮುನಿಸಿಕೊಂಡ ಮೇಲೆ, ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷವೇ ನನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡೆ. ಇದಕ್ಕೆಲ್ಲ ಮೂಲವಾದ ವೈದ್ಯಶಾಸ್ತ್ರದ ಮೇಲೆ ನನಗೆಷ್ಟು ಸಿಟ್ಟಿದೆಯೆಂಬುದನ್ನು ಮೊದಲಿನಿಂದ ಹೇಳುತ್ತೇನೆ. ನ್ಯಾಯ ನೀವೇ ಹೇಳಿ.

ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು, ಹೊಳೆನರಸೀಪುರದಲ್ಲಿ ದಿನಸಿ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪ ಎದೆ ಹಿಡಿದುಕೊಂಡು ಅಂಗಡಿಯಲ್ಲೇ ಕುಸಿದರು. ಹಾಸನದ ಆಸ್ಪತ್ರೆಯ ಹಿರಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು ನೋವಡಗಿಸಿ, ಆಜ್ಞೆ ಹೊರಡಿಸಿದರು: ಆರು ವಾರ ಅಂಗಾತ ಮಲಗಿರತಕ್ಕದ್ದು, ಏಳಕೂಡದು, ಕೂರಕೂಡದು, ಕೈಯೆತ್ತಿ ಮುಖ ಒರೆಸಿಕೊಳ್ಳಲೂ ಕೂಡದು, ಮೀರಿದರೆ ಹೃದಯ ಒಡೆದೇಹೋದೀತು. ಊರಿಗೆಲ್ಲ ಬೆಲ್ಲ ತೂಗಿಕೊಟ್ಟ ಮನುಷ್ಯ ಹಸುಗೂಸಿನಂತೆ ಒಳಲೆಯಲ್ಲಿ ಗಂಜಿ ಕುಡಿಯಬೇಕಾಯಿತು. ಪಕ್ಕದ ಹಾಸಿಗೆಯಲ್ಲಿ ಅದೇ ಕಾಯಿಲೆಯ ರುದ್ರಪಟ್ಟಣದ ಸಂಗೀತ ವಿದ್ವಾಂಸರೊಬ್ಬರಿದ್ದರು. ಅವರು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕಿದರೂ ನರ್ಸಮ್ಮ ಬಂದು ಕೈ ಹಿಡಿಯುತ್ತಿದ್ದರು.

ತೊಡಕಾದದ್ದು ಪೂಜೆಯ ವಿಷಯದಲ್ಲಿ. ನೆಟ್ಟಗೆ ಕೂತು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಅಪ್ಪ ಜನ್ಮದಲ್ಲಿ ಒಂದು ತುತ್ತು ಉಂಡವರಲ್ಲ. ಮಲಗಿದಲ್ಲೇ ಲಿಂಗವನ್ನು ಎದೆಯ ಮೇಲಿಟ್ಟುಕೊಂಡು ಮನಸ್ಸಿನಲ್ಲಿ ಪೂಜಿಸಿ ಎಂದು ನಾನು ಉಪದೇಶಿಸಿದೆ. "ಆಗ್ಲಿ ಬುಡಪ್ಪ, ಅಂಗೇ ಮಾಡ್ತೀನಿ" ಎಂದು ಅಪ್ಪ ಒಂದೇ ಮಾತಿಗೆ ಒಪ್ಪಿಬಿಟ್ಟರು. ಹುಣಸೆಹಣ್ಣಿನ ಧಾರಣೆಗೆ ಅರ್ಧ ದಿನ ವಾದಿಸುವ ಮನುಷ್ಯ ಹೀಗೆ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ರಜೆ ಹಾಕಿ ಮಂಚದ ಪಕ್ಕ ಕಾವಲು ಕೂತೆ. ಅವರು ಕೊಂಚ ಏಳಲು ಹೋದರೂ ಭುಜ ಒತ್ತಿ ಮಲಗಿಸುತ್ತಿದ್ದೆ. ಬೆಳಿಗ್ಗೆ ಮಾತ್ರ ಅವ್ವ ನನ್ನನ್ನು ಹಾಲು ತರಲು ಕಳಿಸುತ್ತಿದ್ದಳು. ಎದುರಿನ ಹೋಟೆಲಿನ ಹಾಲು ಬರೀ ನೀರೆಂದು, ದೂರದ ಬಸ್ ನಿಲ್ದಾಣದ ಹೋಟೆಲಿಗೇ ಹೋಗಬೇಕು. ಬರುವಷ್ಟರಲ್ಲಿ ಅಪ್ಪನ ಹಣೆಯ ಮೇಲೆ ವಿಭೂತಿ ಒಪ್ಪವಾಗಿರುತ್ತಿತ್ತು, ಅವ್ವ ಹಚ್ಚಿದ್ದಾಳೆಂದುಕೊಳ್ಳುತ್ತಿದ್ದೆ. ಆರು ವಾರ ತುಂಬಿದ ದಿನ ಅಪ್ಪ ಮಂಚ ಇಳಿದು ಸರಾಗವಾಗಿ ನಡೆದರು. ಆಮೇಲೆ ಹತ್ತು ವರ್ಷ ಬದುಕಿದರು. ಆ ಕೀರ್ತಿಯನ್ನು ಡಾಕ್ಟರೂ ನಾನೂ ಸಮನಾಗಿ ಹಂಚಿಕೊಂಡೆವು.

ಮೊನ್ನೆ ಪರೀಕ್ಷೆಯ ಕೆಲಸಕ್ಕೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ ನನ್ನ ಎದೆಯೂ ಹಿಡಿಯಿತು. ಶಾಸ್ತ್ರ ಬಲ್ಲವನಾದ್ದರಿಂದ ಅಲ್ಲೇ ಅಂಗಾತ ಮಲಗಿಬಿಟ್ಟೆ. ಹಾಸನದವರೆಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಮಿಸುಕದೆ ಬಂದೆ. ಆಸ್ಪತ್ರೆಯಲ್ಲಿ ಹೊಸ ಡಾಕ್ಟರು, ವಯಸ್ಸಿನಲ್ಲಿ ನನ್ನ ಶಿಷ್ಯನಾಗಬಹುದಾದವರು. ಎಂಟನೆಯ ದಿನ ಮಂಚದ ಪಕ್ಕ ಕುರ್ಚಿಯೊಂದನ್ನು ಹಾಕಿಸಿ, "ಮೇಷ್ಟ್ರೇ, ಇಳಿದು ಇದರಲ್ಲಿ ಕೂತ್ಕೊಳ್ಳಿ" ಎಂದರು! ನಾನು ಆರು ವಾರದ ವಿಧಿಯನ್ನು ನೆನಪಿಸಿದೆ. ಅದೆಲ್ಲ ಹಳೆಯದಾಯಿತೆಂದೂ, ಹಾಗೆ ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಅಪಾಯವೆಂದೂ ಅವರು ನಗುತ್ತಲೇ ಹೇಳಿಹೋದರು.

ನನ್ನ ಮೈಯೆಲ್ಲ ಉರಿಯಿತು. ನಿನ್ನೆ ಕೂತರೆ ಸಾವು, ಇಂದು ಮಲಗಿದರೆ ಸಾವು. ಇಂಥ ಶಾಸ್ತ್ರವನ್ನು ನಂಬುವುದು ಹೇಗೆ? ಮೂರು ದಿನ ಕುರ್ಚಿ ಖಾಲಿಯಾಗಿಯೇ ಇತ್ತು. ಕೂತರೆ ಎದೆ ಒಡೆದೀತೆಂಬ ಭಯ ಒಂದು ಕಡೆ. ಹೊಸ ಡಾಕ್ಟರ ಮಾತು ನಿಜವಾಗಿದ್ದರೆ, ಅಪ್ಪನ ಭುಜವನ್ನು ಒತ್ತಿ ಒತ್ತಿ ನಾನೇ ಅವರನ್ನು ಸಾವಿನ ಹತ್ತಿರ ಹಿಡಿದಿಟ್ಟಿದ್ದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ. ಆ ಸಂಕಟ ಎದೆನೋವಿಗಿಂತ ಹೆಚ್ಚಾಗಿತ್ತು.

ನಾಲ್ಕನೆಯ ದಿನ ಅವ್ವ ಬಂದವಳೇ ಆ ಕುರ್ಚಿಯಲ್ಲಿ ಕೂತು ಕಿತ್ತಳೆ ಸುಲಿಯತೊಡಗಿದಳು. ಡಾಕ್ಟರನ್ನು ಬಾಯಿತುಂಬ ಬೈದು, ಅಪ್ಪ ಮಲಗಿಯೇ ಬದುಕಲಿಲ್ಲವೇ ಎಂದು ಕೇಳಿದೆ.

"ನಿಮ್ಮಪ್ಪ ಎಲ್ ಮಲಗಿದ್ರು ಬುಡ್ಲಾ" ಎಂದಳು ಅವ್ವ, ತಲೆಯೆತ್ತದೆ. "ನೀನು ಆಲಿಗೆ ಓಗಾದೇ ತಡ, ನರ್ಸಮ್ಮ ಅತ್ಲಾಗೆ ಇರೋದು ನೋಡ್ಕಂಡು ಎತ್ತಿ ಕೂರಿಸ್ತಿದ್ದೆ. ಪೂಜೆ ಮುಗುಸ್ಕಂಡು, ಮಂಚದ ಸುತ್ತ ಎರಡು ಸುತ್ತು ನಡುದು, ನೀನು ಬರೋ ಒತ್ಗೆ ಮಲಿಕತ್ತಿದ್ರು. ಎದುರುಗಡೆ ಓಟ್ಲಲ್ಲೂ ಆಲು ಚೆನ್ನಾಗೇ ಇತ್ತು ಕಣ್ಲಾ."

ಆರು ವಾರ ನಿಷ್ಠೆಯಿಂದ ಕಾವಲು ಕಾದು ಮೂರ್ಖನಾಗಿದ್ದೆ, ಕೋಪ ಬಂತು. ಆದರೆ ಮೂರು ದಿನದಿಂದ ಕಾಡುತ್ತಿದ್ದ ಸಂಕಟ ಆ ಕ್ಷಣವೇ ಇಳಿದುಹೋಯಿತು, ಕಣ್ಣಲ್ಲಿ ನೀರೂ ಬಂತು. ಅಪ್ಪ ನನ್ನ ಮಾತು ಕೇಳಿರಲಿಲ್ಲ, ಸದ್ಯ!

"ಅವ್ವ, ಏಳು, ಆ ಕುರ್ಚಿ ನಂದು" ಎಂದೆ.

ಈಗ ಮನೆಯಲ್ಲಿದ್ದೇನೆ. ಸ್ವಲ್ಪ ಸ್ವಲ್ಪ ನಡೆಯಿರಿ ಎಂದು ಡಾಕ್ಟರು ಹೇಳಿದ್ದನ್ನು ನನ್ನ ಹೆಂಡತಿ ನಂಬಲೊಲ್ಲಳು. ಹಳೆಯ ಆರು ವಾರದ ಕಥೆಯನ್ನು ಅವಳಿಗೆ ಅಷ್ಟು ಚೆನ್ನಾಗಿ ಬಾಯಿಪಾಠ ಮಾಡಿಸಿದವನು ನಾನೇ. ಹಾಗಾಗಿ ಬೆಳಿಗ್ಗೆ ಅವಳು ಹಾಲು ಕರೆಯಲು ಕೊಟ್ಟಿಗೆಗೆ ಹೋದೊಡನೆ ಕುರ್ಚಿಯಿಂದೆದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ, ಅವಳು ಬರುವಷ್ಟರಲ್ಲಿ ಮತ್ತೆ ಕೂತಿರುತ್ತೇನೆ. ಬಾಗಿಲಲ್ಲಿ ಅವ್ವ ಕಾವಲಿರುತ್ತಾಳೆ.