ಬೂರುಗದ ಹತ್ತಿಯ ಸೀಟು

ಪ್ರೇಮಾವತಿಗೆ ಕಾರು ಬಿಡಲು ಕಲಿಸಿದ್ದು ಅವಳ ಅಪ್ಪ ಆದಿರಾಜಯ್ಯ. ಅಪ್ಪನಿಂದ ಬಂದದ್ದು ಅದೊಂದೇ ಅಲ್ಲ, ಹಟವೂ ಬಂತು. ಸುಲ್ತಾನ್ ಬತ್ತೇರಿಯ ಪೇಟೆಯಲ್ಲಿ ಯಾರನ್ನಾದರೂ ಕೇಳಿ ನೋಡಿ: "ಕಾಫಿ ತೋಟದ ಜೈನರ ಪ್ರೇಮಕ್ಕನಾ? ಅವರದ್ದು ಉಡದ ಪಟ್ಟು ಮಾರಾಯ್ರೇ" ಎಂದು ಕೈ ಮುಗಿಯುತ್ತಾರೆ.

ಕಾರೆಂದರೆ ಅಂಥಿಂಥ ಕಾರಲ್ಲ. ಎರಡನೇ ಮಹಾಯುದ್ಧಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನಲ್ಲಿ ಕೈಯಿಂದಲೇ ಕಟ್ಟಿದ್ದು. ಉದ್ದನೆಯ ಮೂತಿ, ಮಡಿಸಿ ಹಿಂದಕ್ಕೆ ಸರಿಸುವ ಕ್ಯಾನ್ವಾಸಿನ ಹುಡ್. ಲೋಕದಲ್ಲಿ ಆ ಮಾದರಿಯವು ಉಳಿದಿರುವುದು ಬೆರಳೆಣಿಕೆಯಷ್ಟು. ಎಸ್ಟೇಟಿನ ಇಂಗ್ಲಿಷ್ ದೊರೆ ನಲವತ್ತೇಳರಲ್ಲಿ ಗಂಟುಮೂಟೆ ಕಟ್ಟಿದಾಗ ಆದಿರಾಜಯ್ಯ ಅದನ್ನು ಕೊಂಡರು. ಬಣ್ಣ ನೋಡಿದರು, ಮರುಳಾದರು. ಸೀಟು ಯಾವುದರದು ಎಂದು ಕೇಳುವ ಬುದ್ಧಿ ಬೇಡವೇ? ಕಾರು ಅಂಗಳಕ್ಕೆ ಬಂದು, ಹೆಂಡತಿ ಬಾಗಿಲು ತೆರೆದು ಮೂಗಿಗೆ ಸೆರಗು ಒತ್ತಿಕೊಂಡು "ಅಯ್ಯೋ ಜಿನದೇವಾ, ಇದು ದನದ ಚರ್ಮ ಅಲ್ವಾ?" ಎಂದಾಗಲೇ ಅವರಿಗೆ ಹೊಳೆದದ್ದು.

ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸುವ ಮನೆ ಅದು! ಆದಿರಾಜಯ್ಯ ಅಂದೇ ಚರ್ಮವನ್ನೆಲ್ಲ ಬಿಚ್ಚಿಸಿ, ತೋಟದ ಅಂಚಿನಲ್ಲಿ ಗುಂಡಿ ತೋಡಿಸಿ, ಸತ್ತವರನ್ನು ಮಾಡುವ ಹಾಗೆ ಮಣ್ಣು ಮಾಡಿದರು. ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಂಡರು. ಆ ದಿನ ಒಲೆ ಹಚ್ಚಲಿಲ್ಲ. ಆಮೇಲೆ ಬೂರುಗದ ಹತ್ತಿ ತುಂಬಿ, ಕಣ್ಣೂರಿನ ಕೈಮಗ್ಗದ ದಪ್ಪ ಬಟ್ಟೆ ಹೊದಿಸಿ ಹೊಸ ಸೀಟು ಮಾಡಿಸಿದರು. ಊರು ಬಿದ್ದು ಬಿದ್ದು ನಕ್ಕಿತು. "ದೊರೆ ಕಾರಿಗೆ ಹಾಸಿಗೆ ಹೊಲಿಸಿದ ಹುಚ್ಚ" ಎಂದಿತು. ಆಗ ಪ್ರೇಮಾವತಿಗೆ ಹನ್ನೆರಡು ವರ್ಷ. ಆ ನಗು ಅವಳಿಗೆ ಐವತ್ತು ದಾಟಿದರೂ ಉರಿಯುತ್ತಲೇ ಇತ್ತು.

ಅಪ್ಪ ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲಿ ಮೂಲೆಗುಂಪಾಯಿತು. ಎಂಬತ್ತರಲ್ಲಿ, ವಯನಾಡು ಹೊಸ ಜಿಲ್ಲೆಯಾದ ವರ್ಷ, ಮದುವೆ ಗಿದುವೆ ಒಲ್ಲೆನೆಂದು ತೋಟ ನೋಡಿಕೊಂಡಿದ್ದ ಪ್ರೇಮಾವತಿ ಅದನ್ನು ಬಿಸಿಲಿಗೆ ಎಳೆಸಿದಳು. ಬತ್ತೇರಿಯ ಮೆಕ್ಯಾನಿಕ್ ರಾಘವನ್ ಬಂದು ಬಗ್ಗಿ ನೋಡಿ, "ಪ್ರೇಮ ಚೇಚೀ, ಇದು ಕಾರಲ್ಲ, ಗೆದ್ದಲಿನ ಮನೆ" ಎಂದ.

"ಸರಿ, ಒಂದು ಗೆದ್ದಲೂ ಸಾಯದ ಹಾಗೆ ಮನೆ ಖಾಲಿ ಮಾಡ್ಸು. ಆಮೇಲೆ ಕಾರು ಮಾಡುವ."

ಆರು ವರ್ಷ ಹಿಡಿಯಿತು. ತಗಡಿನೊಳಗಿನ ಮರದ ಚೌಕಟ್ಟನ್ನು ಹಲಸಿನ ಮರದಲ್ಲಿ ಮತ್ತೆ ಕೂರಿಸಿದರು. ಎಲ್ಲೂ ಸಿಗದ ಭಾಗಗಳನ್ನು ರಾಘವನ್ ಲೇತಿನಲ್ಲಿ ತಾನೇ ಕಡೆದ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವಳ ಆಸೆ ಬೇರೆಯೇ ಇತ್ತು. ಮೈಸೂರಿನ ಹಳೆ ಕಾರುಗಳ ಪ್ರದರ್ಶನದಲ್ಲಿ ಒಪ್ಪಿಗೆಯಾದ ಪ್ರತಿ ಕಾರಿನ ಜೊತೆ ಅದನ್ನು ಉಳಿಸಿದವರ ಹೆಸರನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಲ್ಲಿ 'ಆದಿರಾಜಯ್ಯ, ವಯನಾಡು' ಎಂದು ಬರಬೇಕು. ನಕ್ಕವರು ಓದಬೇಕು.

ಆದರೆ ಮೈಸೂರಿನಿಂದ ಬಂದ ಕಾಗದದಲ್ಲಿ, ಸೀಟು ಮೊದಲಿನಂತೆ ಚರ್ಮದ್ದೇ ಆಗಿರಬೇಕು ಎಂದಿತ್ತು. ತಮ್ಮ ಶಾಂತಿನಾಥ ಅದನ್ನು ಓದಿ, "ಹಾಕ್ಸಿಬಿಡುವ ಅಕ್ಕ. ಹೆಸರು ಬರೋದು ಅಪ್ಪಂದೇ ಅಲ್ವಾ?" ಎಂದ.

"ಅಪ್ಪ ಹೂತದ್ದನ್ನ ಅಪ್ಪನ ಹೆಸರಿಗೋಸ್ಕರ ನಾನು ತೋಡಿ ತೆಗೀಬೇಕಾ?"

"ಹಾಗಾದ್ರೆ ಹೋಗೋದೇ ಬೇಡ. ಅಷ್ಟು ಜನರ ಎದುರು ಮರ್ಯಾದೆ ಹೋಗ್ತದೆ."

"ನೀನು ಬರದಿದ್ರೆ ಬೇಡ. ನಾನು ಹೋಗುವವಳೇ."

ಅಕ್ಕನನ್ನು ಒಬ್ಬಳನ್ನೇ ಕಾಡಿನ ದಾರಿಯಲ್ಲಿ ಕಳಿಸಲಾಗದೆ ಅವನೂ ಮುಖ ಊದಿಸಿಕೊಂಡು ಹತ್ತಿದ. ಹುಡ್ ಮಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುತ್ತಂಗ ದಾಟಿ, ಗುಂಡ್ಲುಪೇಟೆ ದಾಟಿ, ಅವಳು ಬೆಳಿಗ್ಗೆ ಹತ್ತಕ್ಕೆ ಮೈಸೂರಿನ ಮೈದಾನದ ಗೇಟಿನಲ್ಲಿ ಕಾರು ನಿಲ್ಲಿಸಿದಳು.

ಕಾರು ಪರೀಕ್ಷಿಸುವ ಹಿರಿಯರು ಅದನ್ನು ಮೂರು ಸುತ್ತು ಸುತ್ತಿದರು. ಬಾನೆಟ್ ಎತ್ತಿ ನೋಡಿ ತಲೆದೂಗಿದರು. ಚೌಕಟ್ಟು ತಟ್ಟಿ, "ಹಲಸಿನ ಮರವೇ? ಭೇಷ್!" ಎಂದರು. ಬಾಗಿಲು ತೆರೆದು ಸೀಟು ಒತ್ತಿದ್ದೇ ತಡ, ಹರಳೆಣ್ಣೆ ಕುಡಿದವರ ಮುಖವಾಯಿತು.

"ಇದೇನಮ್ಮಾ, ಹಾಸಿಗೆ! ಚರ್ಮ ಇರಬೇಕಿತ್ತಲ್ಲ?"

"ಹಲಸಿನ ಮರ ಫ್ರಾನ್ಸಿನಲ್ಲಿ ಬೆಳೀತದಾ ಸಾರ್? ಅದಕ್ಕೆ ಭೇಷ್ ಅಂದ್ರಿ."

"ಅದು ಒಳಗಿರುತ್ತೆ, ಕಾಣಲ್ಲ. ಇದು ಕಾಣುತ್ತಲ್ಲ!"

"ಕಾಣಲಿ ಅಂತಲೇ ಹಾಕ್ಸಿದ್ದು."

ಅವರು ಕೆಟ್ಟವರಲ್ಲ. ಅಂಥ ಕಾರನ್ನು ಹಿಂದಕ್ಕೆ ಕಳಿಸಲು ಅವರಿಗೂ ಮನಸ್ಸು ಬರಲಿಲ್ಲ. ದನಿ ತಗ್ಗಿಸಿ, "ನನ್ನ ಹತ್ತಿರ ಚರ್ಮದ ಕವರ್ ಇದೆ. ಇವತ್ತೊಂದು ದಿನ ಹಾಕಿ, ಸಂಜೆ ತೆಗೆದುಬಿಡಿ. ನಿಮ್ಮ ತಂದೆಯವರ ಹೆಸರು ನಾನೇ ಬರೀತೀನಿ" ಎಂದು ಪುಸ್ತಕ ತೆರೆದು ಪೆನ್ನು ಹಿಡಿದರು.

ಪ್ರೇಮಾವತಿ ತೆರೆದ ಪುಟದತ್ತ ಬಗ್ಗಿ ನೋಡಿದಳು. ಆ ಖಾಲಿ ಗೆರೆ ಅವಳಿಗೆ ಬೇಕಿತ್ತು, ಪ್ರಾಣ ಹೋಗುವಷ್ಟು ಬೇಕಿತ್ತು.

"ಒಂದು ದಿನಕ್ಕೆ ಮಾತ್ರ ಸಾಯುವ ಹಸು ಎಲ್ಲುಂಟು ಸಾರ್? ಸಂಜೆ ಅದು ಎದ್ದು ಹಟ್ಟಿಗೆ ಬರ್ತದಾ? ಹಾಗಿದ್ರೆ ತನ್ನಿ, ಹಾಕ್ಸ್ತೇನೆ."

ಅವರು ಪುಸ್ತಕ ಮುಚ್ಚಿದರು. ಅವಳು ಕಾರು ಹಿಂದಕ್ಕೆ ತಿರುಗಿಸಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿನದೂ ಹೌದು, ಸಂಕಟದ್ದೂ ಹೌದು.

"ನಿಲ್ಸು ಅಕ್ಕ" ಎಂದ ಶಾಂತಿನಾಥ. ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದವನು ಇಳಿದು ಸೀದಾ ಆ ಹಿರಿಯರ ಮುಂದೆ ಹೋಗಿ ನಿಂತ.

"ಬೇಡ ಅಂತ ವಾಪಸ್ ಕಳಿಸಿದ ಕಾರುಗಳ ಪಟ್ಟಿ ಇರ್ತದಲ್ಲ ಸಾರ್ ನಿಮ್ಮಲ್ಲಿ?"

"ಇದೆ. ಯಾಕೆ?"

"ಅದ್ರಲ್ಲಿ ಬರೀರಿ. ಆದಿರಾಜಯ್ಯ, ವಯನಾಡು. ಚರ್ಮ ಹಾಕಲಿಕ್ಕೆ ಒಪ್ಪಲಿಲ್ಲ ಅಂತ ಕಾರಣಾನೂ ಬರೀರಿ."

ಅವರು ಪಟ್ಟಿ ತೆಗೆದು ಬರೆದರು. ಶಾಂತಿನಾಥ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಬಂದು ಅಕ್ಕನ ಪಕ್ಕ ಕೂತ.