ಕಸ್ತೂರಿಯ ಬಾಯಿಗೆ ಬಿದ್ದ ಪಾದೋದಕ

ಅದು ೧೯೬೪ನೇ ಇಸವಿ, ಶ್ರಾವಣದ ಕಡೇ ಸೋಮವಾರ. ಆಗ ನಾವು ಶಿರಸಿ ತಾಲ್ಲೂಕಿನ ದಾಸನಕೊಪ್ಪದಲ್ಲಿದ್ದೆವು. ನಮ್ಮ ಮನೆಯವರದು ರಸ್ತೆ ಬದಿಗೆ ಒಂದು ಸಣ್ಣ ಕಿರಾಣಿ ಅಂಗಡಿ. ಮನೆಯಲ್ಲಿ ಅತ್ತೆ, ನಾವಿಬ್ಬರು, ಮಗಳು ಕಸ್ತೂರಿ. ಕಸ್ತೂರಿಗೆ ಏಳು ವರ್ಷ. ಕುತ್ತಿಗೆ ನಿಲ್ಲುತ್ತಿರಲಿಲ್ಲ, ಕೈಕಾಲು ಸೆಟೆದುಕೊಂಡಿರುತ್ತಿದ್ದವು, ಮಾತೂ ಇಲ್ಲ. ನಗು ಮಾತ್ರ ಇತ್ತು, ಅದೂ ಅವಳಿಗೆ ಬೇಕಾದಾಗ.

ಅವಳಿಗೆ ಮೂರು ವರ್ಷವಿದ್ದಾಗ ಶಿರಸಿಯ ಡಾಕ್ಟರೊಬ್ಬರು ಹೇಳಿದ್ದರು, “ನೀರುನೀರಾಗಿ ಏನೂ ಕೊಡಬೇಡಿ. ನೀರು, ಹಾಲು, ಚಹಾ ಏನಿದ್ದರೂ ಹೊಟ್ಟೆಗೆ ಹೋಗುವುದು ಬಿಟ್ಟು ಉಸಿರಿನ ದಾರಿಗೆ ಹೋಗುತ್ತದೆ. ಎಲ್ಲ ಗಟ್ಟಿ ಗಂಜಿಯ ಹಾಗೆ ಇರಲಿ. ಗಂಟೂ ಇರಬಾರದು.” ಅಲ್ಲಿಂದ ಶುರುವಾಯಿತು ನೋಡಿ.

ಅಕ್ಕಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ, ತುಪ್ಪ ಹಾಕಿ ಕುದಿಸಬೇಕು. ಚಮಚ ಬೋರಲು ಮಾಡಿದರೂ ಬೀಳದಷ್ಟು ಗಟ್ಟಿಯಾಗಬೇಕು. ಕೂಸನ್ನು ಎಡಗೈ ಮೇಲೆ ಅರ್ಧ ಕೂರಿಸಿಕೊಂಡು, ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ಇಟ್ಟು, ಗದ್ದ ಒತ್ತಿ ಹಿಡಿದು, ಗಂಟಲು ಸವರಬೇಕು. ನುಂಗಿದಳೋ ಇಲ್ಲವೋ ನೋಡಿಕೊಂಡು ಇನ್ನೊಂದು ಚಮಚ. ಒಂದು ಬಟ್ಟಲು ಮುಗಿಯಲು ಒಂದು ತಾಸಿನ ಮೇಲೆಯೇ. ದಿನಕ್ಕೆ ನಾಲ್ಕು ಸಲ. ಮಧ್ಯೆ ಅಡುಗೆ, ಅರಿವೆ, ಮುಸುರೆ. ನಾಲ್ಕು ವರ್ಷ ನಾನು ಬಿಸಿ ರೊಟ್ಟಿ ಉಂಡ ನೆನಪಿಲ್ಲ. ಉಂಡದ್ದೆಲ್ಲ ನಿಂತುಕೊಂಡೇ.

ಓಣಿಯ ಹೆಂಗಸರಿಗೆ ಇದೊಂದು ಸೋಜಿಗ. “ಹಸುಗೂಸಿಗೆ ಒಂದು ಗುಟುಕು ನೀರು ಕೊಡೂದಿಲ್ಲಂತ, ಎಂಥಾ ಕಲ್ಲೆದಿಯವ್ವಾ!” ಎಂದು ನನಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಅತ್ತೆಯದು ಬೇರೆಯೇ ಚಿಂತೆ. ನಾಲ್ಕು ವರ್ಷದಿಂದ ಮೊಮ್ಮಗಳ ಬಾಯಿಗೆ ಪಾದೋದಕ ಬಿದ್ದಿಲ್ಲ ಎನ್ನುವುದು. ಅಯ್ಯನವರು ಅಂದರೆ ನಮ್ಮ ಜಂಗಮರು, ಅವರ ಪಾದಪೂಜೆ ಮಾಡಿದ ನೀರು ಪಾದೋದಕ. ನಮ್ಮ ಮನೆಗಳಲ್ಲಿ ಅದನ್ನು ತೆಗೆದುಕೊಂಡ ಮೇಲೆಯೇ ಊಟ. ಒಂದು ಹನಿ ನೆಲಕ್ಕೆ ಬೀಳಬಾರದು. “ಕೊರಳಾಗ ಲಿಂಗ ಐತಿ, ಬಾಯಾಗ ಪಾದೋದಕ ಇಲ್ಲ. ಹಿಂಗಾದ್ರ ಕೂಸು ಎಲ್ಲಿ ಸುಧಾರಸ್ತೇತಿ, ಪಾರವ್ವ?” ಎಂದು ಅತ್ತೆ ಕಣ್ಣೀರು ತೆಗೆಯುತ್ತಿದ್ದರು. ನಾನು ಜಗಳಾಡುತ್ತಿದ್ದೆ. ಜಗಳಾಡಲು ತ್ರಾಣವಿಲ್ಲದ ದಿನ ಸುಮ್ಮನಿರುತ್ತಿದ್ದೆ.

ಆ ಸೋಮವಾರ ಅಯ್ಯನವರು ನಮ್ಮ ಮನೆಗೆ ಬರುವವರಿದ್ದರು. ಬೆಳಕು ಹರಿಯುವ ಮೊದಲೇ ಎದ್ದು ಹೋಳಿಗೆಗೆ ಬೇಳೆ ಬೇಯಲು ಇಟ್ಟೆ. ನಡುವೆ ಕಸ್ತೂರಿಗೆ ಉಣಿಸಿದ್ದು ಒಮ್ಮೆ ಮಾತ್ರ. ನೆಂಟರು, ನೆರೆಯವರು ಸೇರಿ ಹದಿನೈದು ಜನ. ಮಧ್ಯಾಹ್ನ ಪಡಸಾಲೆಯಲ್ಲಿ ಪೂಜೆ ಮುಗಿದು ಎಲ್ಲರೂ ಪಾದೋದಕ ತೆಗೆದುಕೊಳ್ಳುತ್ತಿದ್ದರು. ಕಡೇ ಹೋಳಿಗೆ ಹಂಚಿನಿಂದ ತೆಗೆದು, ನಾನು ಅಡುಗೆಮನೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

ಆಗ ಆ ಸದ್ದು ಕೇಳಿತು. ಕೆಮ್ಮಲ್ಲ, ಕೆಮ್ಮಲಿಕ್ಕೂ ಆಗದೆ ಗಂಟಲು ಗೊರಗುಡುವ ಸದ್ದು. ಏನಾಗಿದೆ ಎಂದು ತಕ್ಷಣ ಗೊತ್ತಾಯಿತು.

ಗೊತ್ತಾದರೂ ನಾನು ಏಳಲಿಲ್ಲ.

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಎಷ್ಟು ಹೊತ್ತು ಎಂದರೆ ಎರಡು ಉಸಿರು, ಹೆಚ್ಚೆಂದರೆ ಮೂರು. ಕಾಲು ಬರಲಿಲ್ಲ ಎಂದು ಹೇಳಬಹುದು, ಆದರೆ ಅದು ಸುಳ್ಳು. ‘ಇವತ್ತಿಗೆ ಮುಗಿದುಹೋಗಲಿ, ಅವಳಿಗೂ ಸಾಕು ನನಗೂ ಸಾಕು’ ಎಂದು ಮನಸ್ಸು ಸ್ಪಷ್ಟವಾಗಿ ಅಂದಿತು. ಆಮೇಲೆ ಹುಚ್ಚಿಯ ಹಾಗೆ ಓಡಿದೆ.

ಅತ್ತೆ ಕೂಸನ್ನು ಅಂಗಾತ ಮಲಗಿಸಿಕೊಂಡಿದ್ದರು. ಕೈಯಲ್ಲಿ ಪಾದೋದಕದ ಬಟ್ಟಲು. ಕಸ್ತೂರಿಯ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಸಿದುಕೊಂಡು, ಮೊಣಕಾಲ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿದೆ, ಮತ್ತೆ ಬಡಿದೆ. ಮೂಗು ಬಾಯಿಯಿಂದ ನೀರು, ಜೊಲ್ಲು ಎಲ್ಲ ಅಯ್ಯನವರ ಮಣೆಯ ಮುಂದೆಯೇ ಬಿತ್ತು. “ಅಯ್ಯ ಶಿವನ! ಪಾದೋದಕ ನೆಲಕ್ಕ ಚೆಲ್ಲಿದೆಲ್ಲವ್ವಾ!” ಎಂದು ಅತ್ತೆ ಹಣೆ ಬಡಿದುಕೊಂಡರು. ಅಷ್ಟರಲ್ಲಿ ಕೂಸು ಎಳೆದು ಉಸಿರು ತೆಗೆದುಕೊಂಡು ಅತ್ತಿತು. ನನಗೆ ಅಳುವೂ ಬರಲಿಲ್ಲ.

ಎಲೆ ಹಾಕಿ ಆಗಿತ್ತು. ಅಯ್ಯನವರು ಮೊದಲ ತುತ್ತು ಎತ್ತದೆ ಯಾರೂ ಕೈ ಹಚ್ಚುವಂತಿಲ್ಲ. ಅವರು ವಯಸ್ಸಾದವರು, ಮಾತು ಕಡಿಮೆ. ಬಯ್ಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು, “ತಂಗಿ, ಕೂಸು ಉಂಡೈತೇನು?”

“ಇಲ್ಲರಿ. ಈಗ ಕೊಡೂಹಂಗಿಲ್ಲ. ದಮ್ಮು ಆರಬೇಕು, ಆಮ್ಯಾಲ ಒಂದು ತಾಸು ಹಿಡೀತೇತಿ. ನೀವು ಊಟ ಮಾಡ್ರಿ.”

“ಮೊದಲು ಅದು ಉಣ್ಣಲಿ. ಆಮ್ಯಾಲ ನಾ ಉಂಡೇನು.”

“ತಡಾ ಆಕ್ಕೇತ್ರಿ, ಮಂದಿ ಹಸಿದಾರ್ರಿ” ಎಂದು ನಮ್ಮ ಮನೆಯವರು ಕೈ ಮುಗಿದರು.

“ಹಸಿದಿರಲಿ” ಅಂದರು ಅಯ್ಯನವರು. ಅಷ್ಟೇ.

ಅರ್ಧ ತಾಸು ಬಿಟ್ಟು ಗಂಜಿ ತಂದೆ. ಅವರು ಬೆರಳಲ್ಲಿ ಒಂದು ಹನಿ ಪಾದೋದಕ ತೆಗೆದು ಗಂಜಿಗೆ ಬಿಟ್ಟು, “ಕಲಸು. ಇಷ್ಟಾದ್ರ ಸಾಕು, ಇದೂ ಪಾದೋದಕನ” ಎಂದು ಅತ್ತೆಯ ಕಡೆ ನೋಡಿದರು. ಹದಿನೈದು ಜನ, ಮುಂದೆ ಹೋಳಿಗೆ ಆರುತ್ತಿದೆ, ಎಲ್ಲರೂ ನನ್ನ ಚಮಚ ನೋಡುತ್ತ ಕುಳಿತರು. ಅವತ್ತು ಒಂದೂವರೆ ತಾಸಾಯಿತು. ಯಾರಾದರೂ ಕಸ್ತೂರಿಯ ಊಟ ಪೂರ್ತಿ ನೋಡಿದ್ದು ಅದೇ ಮೊದಲು. ನಮ್ಮ ಮನೆಯವರೂ ನೋಡಿರಲಿಲ್ಲ.

“ದಿನಾ ಎಷ್ಟು ಸರ್ತಿ?” ಅಯ್ಯನವರು ಕೇಳಿದರು.

“ನಾಕು ಸರ್ತಿರಿ.”

ಅವರು ಎಲ್ಲರ ಮುಂದೆ ಅಂದರು, “ಇಂಥ ತಾಯಿ ಸಿಗೂದು ಕೂಸಿನ ಪುಣ್ಯ.” ಆಡಿಕೊಳ್ಳುತ್ತಿದ್ದ ಹೆಂಗಸರೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ಅಲ್ಲಿಂದ ಎದ್ದು ಓಡಬೇಕು ಅನ್ನಿಸಿತು. ತೊಡೆಯ ಮೇಲೆ ಕೂಸಿತ್ತು, ಕುಳಿತೇ ಇದ್ದೆ.

ಮರುದಿನ ಮಧ್ಯಾಹ್ನ ಅತ್ತೆ ಬಂದು ಪಕ್ಕದಲ್ಲಿ ಕುಳಿತು, “ಕೊಡಿಲ್ಲೆ, ಹ್ಯಾಂಗಂತ ತೋರಸು” ಎಂದು ಚಮಚ ಕೇಳಿದರು. ನನಗೆ ಕೊಡಲು ಭಯ. ಎಂಟು ದಿನ ಅವರ ಕೈ ಮೇಲೆ ಕೈ ಇಟ್ಟು ಕಲಿಸಿದೆ. ಆಮೇಲೆ ಮಧ್ಯಾಹ್ನದ ಊಟ ಅವರದಾಯಿತು. ದಿನಾ ಗಂಜಿಯ ಮುಂದೆ ಶಿವನಾಮ ಹೇಳಿ, ನನಗಿಂತ ನಿಧಾನವಾಗಿ ಉಣಿಸುತ್ತಿದ್ದರು. ಆ ಹೊತ್ತಿನಲ್ಲಿ ನಾನು ಕುಳಿತು ಉಣ್ಣುತ್ತಿದ್ದೆ, ಎಷ್ಟೋ ದಿನ ತಟ್ಟೆಯ ಮುಂದೆಯೇ ನಿದ್ದೆ ಹೋಗುತ್ತಿದ್ದೆ. ಕಸ್ತೂರಿ ಇನ್ನೂ ಆರು ವರ್ಷ ಬದುಕಿದಳು.

ಅವಳು ಹೋದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಒಂದು ದಿನ ನನ್ನ ಕೈ ಹಿಡಿದು, “ಪಾರವ್ವ, ಅವತ್ತು ಆ ಕೂಸಿನ ಜೀವಾ ನಾನ ತಗೀತಿದ್ನೆಲ್ಲವ್ವಾ. ನನ್ನ ಪಾಪಕ್ಕ ಕ್ಷಮಾ ಐತೇನು?” ಎಂದು ಅತ್ತರು. “ಭಕ್ತಿಗೆ ಮಾಡಿದ್ರಿ, ಮರೀರಿ ಅತ್ತಿ” ಅಂದೆ. ‘ನಾನೂ ಅವತ್ತು ಗೋಡೆ ಬಿಟ್ಟು ಏಳಲಿಲ್ಲ’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಿದ್ದರೆ ಆ ಮುದಿಜೀವಕ್ಕೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಹೇಳಲಿಲ್ಲ. ತಾವೊಬ್ಬರೇ ಪಾಪಿ ಎಂದುಕೊಂಡೇ ಹೋದರು.